ಕೂಗುತ್ತಿತ್ತು, ಕಾಣುತ್ತಿರಲಿಲ್ಲ

ಸ್ವಿಚ್ ಹಾಕಿದ ಕೂಡಲೇ ಯಂತ್ರ ಎರಡು ಸಲ ಕೂಗಿತು. ಮೊದಲು ದಪ್ಪ ದನಿಯಲ್ಲಿ ‘ಬೂಂ’ ಎಂದು, ಅದರ ಬೆನ್ನಿಗೇ ಸಣ್ಣಗೆ ‘ಪೀಂ’ ಎಂದು. ತರಬೇತಿಯಲ್ಲಿ ಕೇಳಿದ್ದ ಸಪ್ಪಳವೇ ಅದು. ಅಲ್ಲಿ ಈ ಸಪ್ಪಳದ ಜೊತೆಗೇ ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡುತ್ತಿದ್ದವು. ಇಲ್ಲಿ ಟಿ.ವಿ.ಯ ತುಂಬ ಇರುವೆ ಹರಿದಾಡಿದಂಥ ಚುಕ್ಕಿಗಳು, ಅಷ್ಟೇ.

“ಏನ್ರೀ ಟೀಚರ್, ಸುಟ್ಟಿತೇನು?” ಎಂದರು ಹೆಡ್‌ಮಾಸ್ತರು.

“ಇಲ್ರಿ ಸರ್, ಸ್ವಲ್ಪ ತಡೀರಿ,” ಎಂದೆ. ಎಷ್ಟು ಹೊತ್ತು ತಡೆಯಬೇಕು, ಯಾತಕ್ಕೆ ತಡೆಯಬೇಕು ಎಂಬುದು ನನಗೂ ಗೊತ್ತಿರಲಿಲ್ಲ.

ಇದು ಎಂಬತ್ತರ ದಶಕದ ನಡುಭಾಗ. ನಾನು ಮಾನ್ವಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಸರ್ಕಾರ ಆರಿಸಿದ ಕೆಲವು ಶಾಲೆಗಳಿಗೆ ಕಂಪ್ಯೂಟರ್ ಬಂದಿತ್ತು, ನಮ್ಮದೂ ಅದರಲ್ಲೊಂದು. ಕಂಪ್ಯೂಟರ್ ಎಂದರೆ ಟೈಪ್‌ರೈಟರಿನಂಥ ಕೀಲಿಗಳಿದ್ದ ಒಂದು ದಪ್ಪ ಪೆಟ್ಟಿಗೆ. ಅದಕ್ಕೆ ತನ್ನದೇ ಪರದೆ ಇರಲಿಲ್ಲ, ಟಿ.ವಿ.ಗೆ ಜೋಡಿಸಿಕೊಳ್ಳಬೇಕಿತ್ತು. ಊರಿನ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಶಾಲೆಗೆ ಕೊಟ್ಟಿದ್ದ ಕಪ್ಪು ಬಿಳುಪಿನ ಟಿ.ವಿ. ಇತ್ತು. ಅದು ರಾಯಚೂರಿನ ಟವರಿನ ಕಾರ್ಯಕ್ರಮವನ್ನು ಅಷ್ಟಿಷ್ಟು ತೋರಿಸುತ್ತಿತ್ತು. ಯಂತ್ರ ಹೊಸದು, ಟಿ.ವಿ. ಚೆನ್ನಾಗಿಯೇ ಇದೆ. ಎರಡನ್ನೂ ಕೂಡಿಸಿದರೆ ಮಾತ್ರ ಏನೂ ಇಲ್ಲ.

ಹನ್ನೆರಡು ದಿನದ ತರಬೇತಿಗೆ ನನ್ನನ್ನು ಒಂದು ಇಂಜಿನಿಯರಿಂಗ್ ಕಾಲೇಜಿಗೆ ಕಳಿಸಿದ್ದರು. ಅಲ್ಲಿ ಎಲ್ಲ ಯಂತ್ರಗಳನ್ನೂ ಮೊದಲೇ ಜೋಡಿಸಿಟ್ಟಿರುತ್ತಿದ್ದರು. ನಾವು ಬಂದು ಕೂತು, ಕೀಲಿ ಒತ್ತಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಎದ್ದು ಹೋಗುತ್ತಿದ್ದೆವು. ಹಿಂದುಗಡೆ ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲ ದಿನವೇ ತಂತಿಯ ತಕರಾರು. ಯಂತ್ರದ ಜೊತೆ ಬಂದ ತಂತಿಯ ತುದಿಗೆ ದುಂಡನೆಯ ಪಿನ್ನು, ನಮ್ಮ ಟಿ.ವಿ.ಯ ಹಿಂದೆ ಆಂಟೆನಾಕ್ಕೆಂದು ಎರಡು ತಿರುಪು. ಊರಿನ ರೇಡಿಯೋ ಅಂಗಡಿಯವರು ಬಂದು ಪಿನ್ನು ಕತ್ತರಿಸಿ, ತಂತಿಯ ಸಿಪ್ಪೆ ಸುಲಿದು, ತಿರುಪಿಗೆ ಸುತ್ತಿ ಹೋದರು. ನಾನು ಟಿ.ವಿ.ಯ ಚಾನೆಲ್ ಗುಂಡಿಯನ್ನು ಎರಡರಿಂದ ಹನ್ನೆರಡರವರೆಗೆ ಟಕಟಕ ತಿರುಗಿಸಿದೆ. ಪ್ರತಿಯೊಂದರಲ್ಲೂ ಸಣ್ಣ ಗುಂಡಿಯಿಂದ ಆಚೆ ಈಚೆ ಹೊಂದಿಸಿ ನೋಡಿದೆ. ಇರುವೆ, ಇರುವೆ, ಇರುವೆ. ಎರಡನೆಯ ದಿನ ತಂತಿ ಬದಲಿಸಿದೆ. ಮೂರನೆಯ ದಿನ ಬೇರೆ ಕೋಣೆಯ ಪ್ಲಗ್ಗಿಗೆ ಹಾಕಿದೆ. ಏನು ಬದಲಿಸಿದರೂ ಅದೇ ಇರುವೆ, ಅದೇ ಕೂಗು.

ಸ್ಟಾಫ್ ರೂಮಿನಲ್ಲಿ ಮಾತು ಶುರುವಾಯಿತು. “ಒಂದು ಗುಂಡಿ ತಪ್ಪು ಒತ್ತಿದ್ರ ಒಳಗೆಲ್ಲಾ ಸುಡ್ತದಂತ,” ಎಂದು ಯಾರೋ ಹೇಳಿದ್ದು ಹೆಡ್‌ಮಾಸ್ತರ ಕಿವಿಗೂ ಬಿತ್ತು. ಅವರು ಯಂತ್ರದ ಹತ್ತಿರ ಬಂದು ಕನ್ನಡಕ ಏರಿಸಿ ಒಂದೊಂದೇ ಕೀಲಿ ಓದಿದರು. ಬಲಗಡೆ ಮೂಲೆಯಲ್ಲಿ ‘ಬ್ರೇಕ್’ ಎಂದು ಬರೆದಿದ್ದ ಕೀಲಿಯೊಂದಿತ್ತು.

“ಇದನ್ನ ಒತ್ತಿದ್ರೇನು?”

“ಹೌದ್ರಿ ಸರ್, ಒಂದೆರಡು ಸಲ.”

“ಮುರಿ ಅಂತ ಬರದದಲ್ರೀ ಇದರ ಮ್ಯಾಲ! ಓದಿ ಓದಿ ಒತ್ತೀರೇನು?”

ನಡೆಯುತ್ತಿರುವ ಕೆಲಸವನ್ನು ನಿಲ್ಲಿಸುವ ಕೀಲಿ ಅದು, ಅಷ್ಟೇ ಎಂದು ತಿಳಿಸಿ ಹೇಳಿದೆ. ಆದರೆ ಆ ರಾತ್ರಿ ನೋಟ್‌ಬುಕ್ ತೆಗೆದು ಆ ಪುಟವನ್ನು ನಾಲ್ಕು ಸಲ ಓದಿದೆ. ನನಗೂ ಅನುಮಾನ ಹತ್ತಿತ್ತು. ನಾನು ಕುರ್ಡಿ ಎಂಬ ಹಳ್ಳಿಯವಳು. ಅವ್ವ ಇನ್ನೂ ಬೇರೆಯವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ನಮ್ಮ ಕೇರಿಯಿಂದ ಸರ್ಕಾರಿ ನೌಕರಿಗೆ ಬಂದ ಮೊದಲ ಹೆಣ್ಣುಮಗಳು ನಾನು. ಬೇರೆಯವರ ಕೈಯಲ್ಲಿ ಕೆಟ್ಟಿದ್ದರೆ ಯಂತ್ರ ಕೆಟ್ಟಿತು ಎನ್ನುತ್ತಿದ್ದರು. ನನ್ನ ಕೈಯಲ್ಲಿ ಕೆಟ್ಟರೆ ಇಂಥವರ ಕೈಗೆ ಯಾಕೆ ಕೊಟ್ಟಿರಿ ಎಂದು ಕೇಳುತ್ತಾರೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವವರೆಗೆ ನಾನು ಕಾಯಬೇಕಿರಲಿಲ್ಲ.

ಆ ವಾರವೇ ಶಿಕ್ಷಣ ಇಲಾಖೆಯ ಕಚೇರಿಯಿಂದ ಕಾಗದ ಬಂತು. ಶನಿವಾರ ಸಾಹೇಬರು ಬಂದು ಕಂಪ್ಯೂಟರ್ ನೋಡುತ್ತಾರೆ, ಅದು ನಡೆಯದ ಶಾಲೆಯಿಂದ ತೆಗೆದು ರಾಯಚೂರಿನ ಗಂಡುಮಕ್ಕಳ ಹೈಸ್ಕೂಲಿಗೆ ಕೊಡಲಾಗುತ್ತದೆ ಎಂದಿತ್ತು. ಹೆಡ್‌ಮಾಸ್ತರಿಗೆ ಹೊರೆ ಇಳಿದಂತಾಯಿತು. “ಒಯ್ಲಿ ಬಿಡ್ರಿ. ಹೆಣ್ಮಕ್ಕಳು ಇದನ್ನ ಕಲತು ಏನ್ ಮಾಡಬೇಕಾಗ್ಯಾದ?” ಎಂದರು. ಹತ್ತನೆಯ ತರಗತಿಯ ಹುಡುಗಿಯರು ಆ ಕೋಣೆಯ ಕಿಟಕಿಯ ಸರಳಿಗೆ ಮುಖ ಒತ್ತಿ ದಿನಾ ನೋಡಿ ಹೋಗುತ್ತಿದ್ದರು. ಒಬ್ಬಳಿಗೂ ನಾನು ಇನ್ನೂ ಒಂದು ಕೀಲಿ ಮುಟ್ಟಲು ಕೊಟ್ಟಿರಲಿಲ್ಲ.

ಬುಧವಾರ ರಜೆ ಹಾಕಿ, ಯಂತ್ರವನ್ನು ಹಾಸಿಗೆಯ ಚಾದರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಟಿ.ವಿ. ಒಯ್ಯಲು ಹೆಡ್‌ಮಾಸ್ತರು ಬಿಡಲಿಲ್ಲ, ದಾನಿಗಳು ಕೊಟ್ಟ ವಸ್ತು ಶಾಲೆಯ ಹೊಸ್ತಿಲು ದಾಟಬಾರದು ಎಂದರು. ಅಲ್ಲಿ ತೀನ್ ಕಂದೀಲ್ ಚೌಕದ ಹತ್ತಿರ ಟಿ.ವಿ. ರಿಪೇರಿ ಮಾಡುವ ಒಬ್ಬರಿದ್ದರು. ನಡುವಯಸ್ಸಿನ ಸಾಬರು, ಮಾತು ಕಡಿಮೆ. ಅವರು ಯಂತ್ರವನ್ನು ತಿರುವಿ ಮುರುವಿ ನೋಡಿ, “ಇಂಥಾದ್ದು ನಾ ನೋಡೇ ಇಲ್ಲ ಅಕ್ಕಾರ. ಆದ್ರ ಟಿ.ವಿ. ನನಗ ಗೊತ್ತದ. ಅರ್ಧ ನೀವು ಹೇಳ್ರಿ, ಅರ್ಧ ನಾ ನೋಡ್ತೀನಿ,” ಎಂದರು.

ಅಂಗಡಿಯಲ್ಲಿದ್ದ ಒಳ್ಳೆಯ ಮೂರು ಟಿ.ವಿ.ಗಳಿಗೆ ಒಂದಾದ ಮೇಲೊಂದರಂತೆ ಜೋಡಿಸಿದರು. ಮೂರರಲ್ಲೂ ಇರುವೆ. ಟಿ.ವಿ.ಯದು ತಪ್ಪಿಲ್ಲ ಎಂದಮೇಲೆ ಉಳಿದದ್ದು ಯಂತ್ರ, ಯಂತ್ರವನ್ನು ಮುಟ್ಟಿದವಳು ನಾನು. ಹೀಗೆ ಯೋಚಿಸುತ್ತಿರುವಾಗ ಯಂತ್ರ ನೋಡಲು ಸುತ್ತ ನೆರೆದಿದ್ದವರು “ಬಂತು, ಬಂತು!” ಎಂದು ಕೂಗಿದರು. ಪರದೆಯ ಮೇಲೆ ಒಬ್ಬ ಮನುಷ್ಯ ಕೂತು ಹತ್ತಿಯ ರೋಗದ ಬಗ್ಗೆ ಮಾತನಾಡುತ್ತಿದ್ದ. ಒಂದು ಕ್ಷಣ ನಾನೂ ಬೆರಗಾದೆ. ಆಮೇಲೆ ತಿಳಿಯಿತು: ಸಂಜೆಯ ಕಾರ್ಯಕ್ರಮ ಶುರುವಾಗಿತ್ತು, ನಮ್ಮ ತಂತಿ ಊರ ಟವರಿಗೆ ಆಂಟೆನಾ ಆಗಿತ್ತು. ಸಾಬರು ಆ ಟಿ.ವಿ. ಆರಿಸಿದರು.

“ಅಕ್ಕಾರ, ಇದು ಕೂಗ್ತದಲ್ಲ, ಅದು ತಾನಾಗೇ ಕೂಗ್ತದೋ, ನೀವು ಹೇಳಿದ್ರ ಕೂಗ್ತದೋ?”

ಇಷ್ಟು ದಿನ ಈ ಪ್ರಶ್ನೆಯನ್ನು ನಾನೇ ಕೇಳಿಕೊಂಡಿರಲಿಲ್ಲ. ಸಪ್ಪಳ ಮಾಡಿಸುವ ಒಂದು ಆಜ್ಞೆಯನ್ನು ತರಬೇತಿಯಲ್ಲಿ ಬರೆದುಕೊಂಡಿದ್ದೆ. ನೋಟ್‌ಬುಕ್ ನೋಡುತ್ತ ಅದನ್ನು ಟೈಪ್ ಮಾಡಿದೆ. ಮೌನ. ಪರದೆಯೇ ಇಲ್ಲವಾದ್ದರಿಂದ ತಪ್ಪಿದ್ದು ಯಾವ ಅಕ್ಷರ ಎಂದು ಗೊತ್ತಾಗುವ ದಾರಿ ಇರಲಿಲ್ಲ. ನಾನು ಟೈಪಿಂಗ್ ಜೂನಿಯರ್ ಪಾಸಾದವಳು, ಕಣ್ಣು ಮುಚ್ಚಿಯೂ ಬೆರಳು ದಾರಿ ತಪ್ಪಬಾರದು. ಮತ್ತೊಮ್ಮೆ, ನಿಧಾನಕ್ಕೆ, ಒಂದೊಂದೇ ಅಲ್ಪವಿರಾಮವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿದೆ. ಯಂತ್ರ ಉದ್ದಕ್ಕೆ ಕೂಗಿತು.

“ಜೀವ ಅದ ಇದಕ್ಕ. ನಿಮ್ಮ ಮಾತೂ ತಿಳೀತದ,” ಎಂದರು ಸಾಬರು. “ಈಗ ಹೇಳ್ರಿ, ಇದು ಯಾವ ಚಾನೆಲ್ಲಿನ್ಯಾಗ ಚಿತ್ರ ಕಳಸ್ತದ? ಪುಸ್ತಕದಾಗ ಬರದಿರಬೇಕು.”

ಯಂತ್ರದ ಇಂಗ್ಲಿಷ್ ಪುಸ್ತಕವನ್ನು ನಾನು ಪ್ರೋಗ್ರಾಂ ಬರೆಯುವ ಅಧ್ಯಾಯದಿಂದಲೇ ಓದಲು ಶುರು ಮಾಡಿದ್ದೆ. ಅದಕ್ಕಿಂತ ಮೊದಲಿನ ಪುಟಗಳನ್ನು ಮಗುಚಿದೆ. ಸಣ್ಣ ಅಕ್ಷರದ ಒಂದು ಸಾಲು ಸಿಕ್ಕಿತು.

“ಮೂವತ್ತಾರು ಅಂತ ಅದರೀ.”

ಸಾಬರು ಟಿ.ವಿ.ಯ ಗುಂಡಿಯ ಮೇಲೆ ಬೆರಳಿಟ್ಟು ನಗತೊಡಗಿದರು. “ನೋಡ್ರಿ ಇಲ್ಲಿ. ಎಷ್ಟಕ್ಕ ನಿಂತದ? ಹನ್ನೆರಡು. ಅರೆ ಅಲ್ಲಾ, ನಾವು ಹನ್ನೆರಡು ಮನಿ ಬಾಗ್ಲಾ ಬಡ್ಯಾಕತ್ತೀವಿ, ಅದು ಮೂವತ್ತಾರನೇ ಮನ್ಯಾಗ ಕುಂತದ!”

ನನಗೆ ನಗು ಬರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತೆ. ಯಂತ್ರ ಕೆಟ್ಟಿರಲಿಲ್ಲ, ಟಿ.ವಿ. ಕೆಟ್ಟಿರಲಿಲ್ಲ, ನಾನು ಏನನ್ನೂ ಸುಟ್ಟಿರಲಿಲ್ಲ. ಹಾಗಿದ್ದರೆ ಇಷ್ಟು ದಿನ ನಾನು ಹುಡುಕುತ್ತಿದ್ದ ತಪ್ಪು ಎಲ್ಲಿತ್ತು ಎಂದು ಕೇಳಿದರೆ ಈಗಲೂ ಸರಿಯಾಗಿ ಉತ್ತರ ಹೇಳಲಾರೆ.

ಅಷ್ಟು ಮೇಲಿನ ಚಾನೆಲ್ ಹಿಡಿಯುವ ಟಿ.ವಿ.ಯನ್ನು ರಾಯಚೂರಿನಲ್ಲಿ ತಾವು ಕಂಡಿಲ್ಲ ಎಂದರು ಸಾಬರು. ಆದರೆ ಯಂತ್ರದ ಹಿಂದೆ ‘ವಿಡಿಯೋ’ ಎಂದು ಬರೆದ ಇನ್ನೊಂದು ತೂತು ಇತ್ತು. ಚಾನೆಲ್ಲಿನ ಗೊಡವೆಯೇ ಬೇಡ, ಟಿ.ವಿ. ಬಿಚ್ಚಿ ಅಲ್ಲಿಂದ ಬರುವ ಚಿತ್ರವನ್ನು ನೇರವಾಗಿ ಒಳಗೆ ಕೊಡಬಹುದು ಎಂದರು. ಶುಕ್ರವಾರ ತಾವೇ ಮಾನ್ವಿಗೆ ಬರುವುದಾಗಿ ಮಾತು ಕೊಟ್ಟರು. ಗುರುವಾರ ನಾನು ಅಕ್ಕಿ ಗಿರಣಿಗೆ ಹೋಗಿ ಟಿ.ವಿ. ಬಿಚ್ಚಲು ಮಾಲೀಕರಿಂದ ಒಂದು ಚೀಟಿ ಬರೆಸಿಕೊಂಡು ಬಂದೆ. ಹೆಡ್‌ಮಾಸ್ತರು ಚೀಟಿ ಓದಿ ಫೈಲಿಗೆ ಹಾಕಿದರು.

ಶುಕ್ರವಾರ ಸಾಬರು ಟಿ.ವಿ.ಯ ಬೆನ್ನು ಬಿಚ್ಚಿ, ಕಾಲ ಕೆಳಗೆ ಮಣೆ ಹಾಕಿಕೊಂಡು, ಮೊದಲು ಟೆಸ್ಟರನ್ನು ಒಳಗಿನ ತಗಡಿಗೆ ಹಚ್ಚಿದರು. ಟೆಸ್ಟರಿನ ದೀಪ ಕೆಂಪಗೆ ಹತ್ತಿತು. ಟಿ.ವಿ.ಯ ಎರಡು ಪಿನ್ನಿನ ಪ್ಲಗ್ಗನ್ನು ಕಿತ್ತು ತಿರುವಿ ಹಾಕಿದರು, ದೀಪ ಆರಿತು. ಅವರು ತಲೆಯಾಡಿಸಿ ಕೆಲಸ ಮುಂದುವರಿಸಿದರು. ಒಂದು ತಾಸಿನ ಮೇಲೆ ಬೆಸುಗೆ ಮುಗಿಯಿತು. ಯಂತ್ರದ ಸ್ವಿಚ್ ಹಾಕಿದೆ. ಮೊದಲು ಓರೆ ಓರೆ ಗೆರೆಗಳು ಓಡಿದವು. ಸಾಬರು ಒಂದು ಗುಂಡಿ ತಿರುವಿದರು. ಗೆರೆಗಳು ನಿಂತು, ಬಿಳಿ ಅಕ್ಷರಗಳು ಎದ್ದು ಬಂದವು. ನಾನು ಎಂಟು ದಿನದಿಂದ ಕಾಣದೆ ಹುಡುಕುತ್ತಿದ್ದ ಅಕ್ಷರಗಳು.

“ಮುಗೀತಲ್ಲ!” ಎಂದು ಹೆಡ್‌ಮಾಸ್ತರು ಚಪ್ಪಾಳೆ ತಟ್ಟಿದರು.

ಸಾಬರು ಪ್ಲಗ್ ಕಿತ್ತರು. “ಮುಗದಿಲ್ರೀ ಸರ್. ಈ ಟಿ.ವಿ.ಗಿ ಒಳಗ ಟ್ರಾನ್ಸ್‌ಫಾರ್ಮರ್ ಇಲ್ಲ. ಕರೆಂಟಿನ ಒಂದು ತಂತಿ ನೆಟ್ಟಗ ಇದರ ತಗಡಿಗೇ ಕೂಡ್ಯಾದ. ಈಗ ಕಂಪ್ಯೂಟರೂ ಅದಕ್ಕ ಕೂಡ್ತು. ಪ್ಲಗ್ ಹಿಂಗ ಹಾಕಿದ್ರ ಏನೂ ಆಗಂಗಿಲ್ಲ. ತಿರುವಿ ಹಾಕಿದ್ರ ಕಂಪ್ಯೂಟರಿನ ತಿರುಪು, ತಂತಿ, ಎಲ್ಲಾ ಕಡಿ ಕರೆಂಟ್ ಬರ್ತದ. ಕರೆಂಟಿಗೂ ಟಿ.ವಿ.ಗೂ ನಡುವ ಹಾಕಾಕ ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿಸಬೇಕು. ಎಂಟು ಹತ್ತು ದಿನ ಹಿಡೀತದ.”

“ನಾಳೆ ಸಾಹೇಬ್ರು ಬರ್ತಾರಲ್ರೀ! ಪ್ಲಗ್ಗಿಗಿ ಒಂದು ಗುರುತು ಹಾಕಿ ಕೊಡ್ರಿ. ನಾಳಿ ಒಂದಿನದ್ದು.”

“ಹಾಕಿ ಕೊಡ್ತೀನಿ. ಅಕ್ಕಾರ ಹೂಂ ಅಂದ್ರ.”

ಇಬ್ಬರೂ ನನ್ನನ್ನು ನೋಡಿದರು. ಚಿತ್ರ ಕಣ್ಣಿನಲ್ಲಿ ಇನ್ನೂ ಹಾಗೇ ಇತ್ತು. ನಾಳೆ ಒಂದು ತಾಸು, ನಾನೇ ಪ್ಲಗ್ ಹಾಕುತ್ತೇನೆ, ನಾನೇ ತೆಗೆಯುತ್ತೇನೆ. ಏನೂ ಆಗದಿರುವ ಸಾಧ್ಯತೆಯೇ ಹೆಚ್ಚು. ಆದರೆ ನಾಳೆ ಹಾಕಿದ ಜೋಡಣೆಯನ್ನು ಸೋಮವಾರ ಯಾರೂ ಬಿಚ್ಚುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಸಾಹೇಬರು ಮೆಚ್ಚಿ ಹೋದಮೇಲೆ ಟ್ರಾನ್ಸ್‌ಫಾರ್ಮರ್ ಯಾರಿಗೆ ನೆನಪಿರುತ್ತದೆ? ಕಸ ಹೊಡೆಯುವಾಗ ಯಾರೋ ಪ್ಲಗ್ ಕೀಳುತ್ತಾರೆ, ಇನ್ಯಾರೋ ಹಾಕುತ್ತಾರೆ. ಆಗ ಕೀಲಿಗಳ ಮೇಲೆ ಯಾರ ಬೆರಳಿರುತ್ತದೆ?

“ಬ್ಯಾಡ್ರಿ. ಬಿಚ್ಚಿಬಿಡ್ರಿ,” ಎಂದೆ.

“ಹಂಗಾರ ನಾಳೆ ಸಾಹೇಬ್ರಿಗೆ ಏನ್ ತೋರಸ್ತೀರಿ? ಬರೇ ಡಬ್ಬಿ?” ಹೆಡ್‌ಮಾಸ್ತರ ದನಿ ಏರಿತು. “ಬಂದ ಚಿತ್ರಾ ತಗಸ್ತೀರಲ್ರೀ! ನಿಮ್ಮ ತಲಿಯೊಳಗ ಏನದ ನನಗ ತಿಳೀವಲ್ದು. ನಾಳಿ ಜವಾಬ್ದಾರಿ ನಿಮ್ಮದು, ನಂದಲ್ಲ.”

ಸಾಬರು ಬೆಸುಗೆ ಬಿಚ್ಚಿ, ಟಿ.ವಿ. ಮೊದಲಿನಂತೆ ಮಾಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, “ಛಲೋ ಮಾಡಿದ್ರಿ. ನಾ ಹೇಳಬೇಕಾಗಿದ್ದು ನೀವು ಹೇಳಿದ್ರಿ,” ಎಂದರು. ಅವರನ್ನು ಬಸ್ ನಿಲ್ದಾಣಕ್ಕೆ ಒಯ್ಯುತ್ತಿದ್ದ ಸೈಕಲ್ ರಿಕ್ಷಾ ತಿರುವು ದಾಟುವವರೆಗೆ ನೋಡುತ್ತ ನಿಂತೆ. ಸರಿ ಮಾಡಿದೆನೋ, ಹಟ ಮಾಡಿದೆನೋ ಎಂಬ ಗೊಂದಲ ಮಾತ್ರ ಕರಗಲಿಲ್ಲ.

ಆ ಸಂಜೆ ನಾಲ್ಕು ಸಾಲಿನ ಒಂದು ಪ್ರೋಗ್ರಾಂ ಬರೆದೆ. ಎರಡು ಸಂಖ್ಯೆ ತಗೋ, ಕೂಡಿಸು, ಮೊತ್ತ ಎಷ್ಟೋ ಅಷ್ಟು ಸಲ ಕೂಗು, ಪ್ರತಿ ಕೂಗಿನ ನಡುವೆ ಸ್ವಲ್ಪ ಸುಮ್ಮನಿರು. ಪರದೆ ಇಲ್ಲದೆ ಟೈಪ್ ಮಾಡಿದೆ. ಮೌನ. ಯಂತ್ರ ಆರಿಸಿ ಮತ್ತೆ ಮೊದಲಿನಿಂದ. ಆರನೆಯ ಸಲಕ್ಕೆ ಎರಡು ಮತ್ತು ಒಂದಕ್ಕೆ ಅದು ಮೂರು ಸಲ ಕೂಗಿತು.

ಶನಿವಾರ ಸಾಹೇಬರು ಬಂದರು. ಪರದೆಯ ಇರುವೆ ನೋಡಿದ ಕೂಡಲೇ ಅವರಿಗೆ ಎಲ್ಲ ಅರ್ಥವಾದಂತಾಯಿತು. “ಇದೂ ಹೋತೇನು? ದೇವದುರ್ಗದಾಗೂ ಹಿಂಗೇ ಆಗ್ಯಾದ. ಅಲ್ಲಿ ಮಾಸ್ತರು, ನನ್ನ ಕೈಯಾಗ ಸುಟ್ಟದ ಅಂತ ಬರದು ಕೊಟ್ಟಾರ. ನೀವೂ ಒಂದು ಕಾಗದ ಬರದು ಕೊಡ್ರಿ ಟೀಚರ್, ಮುಂದಿನದು ನಾವು ನೋಡ್ತೀವಿ.”

“ಸುಟ್ಟಿಲ್ರೀ ಸರ್.”

“ಚಿತ್ರ ಎಲ್ಲದ ಮತ್ತ?”

ಮೂವತ್ತಾರು, ಹನ್ನೆರಡು ಎಂದು ಹೇಳಲು ಹೊರಟೆ. ಅವರ ಮುಖ ನೋಡಿದರೆ ಅದು ನೆಪದಂತೆ ಕೇಳಿಸುತ್ತಿದೆ ಎಂದು ತಿಳಿಯಿತು. ನಿಲ್ಲಿಸಿದೆ. “ಎರಡು ಸಣ್ಣ ಸಂಖ್ಯೆ ಹೇಳ್ರಿ ಸರ್,” ಎಂದೆ.

“ಯಾಕ?”

“ಹೇಳ್ರಿ.”

“ಮೂರು. ನಾಕು.”

ಟೈಪ್ ಮಾಡತೊಡಗಿದೆ. ಕೋಣೆಯಲ್ಲಿ ಕೀಲಿಯ ಸದ್ದೊಂದೇ. ಮುಗಿಸಿ ಕೊನೆಯ ಕೀಲಿ ಒತ್ತಿದೆ. ಏನೂ ಇಲ್ಲ. ಹೆಡ್‌ಮಾಸ್ತರು ನಿಟ್ಟುಸಿರು ಬಿಟ್ಟರು. ಆಗ ನೆನಪಾಯಿತು, ನಾನು ಸಂಖ್ಯೆಗಳನ್ನೇ ಕೊಟ್ಟಿರಲಿಲ್ಲ, ಯಂತ್ರ ಅದಕ್ಕಾಗಿ ಕಾಯುತ್ತಿತ್ತು. ಮೂರು ಒತ್ತಿದೆ, ನಾಲ್ಕು ಒತ್ತಿದೆ.

ಯಂತ್ರ ಕೂಗಿತು. ಮತ್ತೊಮ್ಮೆ. ಸಾಹೇಬರು ಮೂರನೆಯದರಿಂದ ಬೆರಳು ಮಡಚತೊಡಗಿದರು. ಏಳಕ್ಕೆ ನಿಂತಿತು. ಅವರು ಎರಡೂ ಕೈಗಳ ಬೆರಳನ್ನು ಒಮ್ಮೆ ನೋಡಿಕೊಂಡು, “ಎಂಟು, ಐದು,” ಎಂದರು. ಹದಿಮೂರು ಸಲ ಕೂಗಿತು. ಕಿಟಕಿಯಾಚೆ ಹುಡುಗಿಯರು ಜೋರಾಗಿ ಎಣಿಸುತ್ತಿದ್ದರು.

ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. “ಈಗ ಹೇಳ್ರಿ, ಚಿತ್ರ ಯಾಕ ಬರಾಕತ್ತಿಲ್ಲ?” ಈ ಸಲ ಚಾನೆಲ್ಲಿನ ಕತೆಯನ್ನೂ, ತಗಡಿನ ಕರೆಂಟಿನ ಕತೆಯನ್ನೂ ಕೊನೆಯವರೆಗೆ ಕೇಳಿದರು. ಹದಿನೈದು ದಿನ ಸಮಯ ಕೊಟ್ಟರು. ಏಳುವಾಗ, “ದೇವದುರ್ಗದ್ದೂ ಒಮ್ಮೆ ನೋಡಿ ಬರ್ರಿ,” ಎಂದು ಒಂದು ಚೀಟಿ ಬರೆದುಕೊಟ್ಟರು.

ಟ್ರಾನ್ಸ್‌ಫಾರ್ಮರ್ ಹನ್ನೊಂದನೆಯ ದಿನಕ್ಕೆ ಬಂತು. ಸಾಬರು ಪ್ಲಗ್ಗನ್ನು ಹೇಗೆ ತಿರುವಿ ಹಾಕಿದರೂ ಟೆಸ್ಟರಿನ ದೀಪ ಹತ್ತಲಿಲ್ಲ. ಚಿತ್ರ ಬಂತು. ಮರುದಿನ ಹುಡುಗಿಯರು ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು ಒತ್ತಿ ಹೋದರು.

ಅದಕ್ಕಿಂತ ಮೊದಲು, ಆ ಶನಿವಾರದ ನಂತರದ ಮಂಗಳವಾರವೇ, ಸಿರವಾರದ ಮೇಲೆ ಹೋಗುವ ಬಸ್ಸಿನಲ್ಲಿ ನಾನು ದೇವದುರ್ಗಕ್ಕೆ ಹೋಗಿದ್ದೆ. ಅಲ್ಲಿಯ ವಿಜ್ಞಾನದ ಮಾಸ್ತರು ನಿವೃತ್ತಿಗೆ ಒಂದು ವರ್ಷ ಉಳಿದವರು. ನನಗಿಂತ ಮೊದಲಿನ ತಂಡದಲ್ಲಿ ತರಬೇತಿ ಪಡೆದಿದ್ದರು. ಯಂತ್ರ ಅವರ ಪ್ರಯೋಗಶಾಲೆಯ ಕಪಾಟಿನಲ್ಲಿತ್ತು, ತಮ್ಮದೇ ಹಳೆಯ ಧೋತರದಲ್ಲಿ ಸುತ್ತಿಟ್ಟಿದ್ದರು.

“ನೋಡೋದೇನದವಾ ಅದರಾಗ,” ಎಂದರು. “ಮೂವತ್ಮೂರು ವರ್ಷ ಆತು, ಒಂದು ಗಾಜಿನ ನಳಿಗಿ ಒಡದಿಲ್ಲ ನನ್ನ ಕೈಯಾಗ. ಇದು ಬಂತು, ಮೊದಲನೇ ದಿನಾನೇ ಸುಟ್ಟು ಬಿಟ್ಟೆ.”

“ಸುಟ್ಟದ ಅಂತ ಹೆಂಗ ಗೊತ್ತಾತ್ರಿ?”

“ಕರೆಂಟ್ ಕೊಟ್ಟ ಕೂಡ್ಲೇ ಒದರ್ತಲ್ಲವಾ! ಬೂಂ ಅಂತು, ಪೀಂ ಅಂತು, ಟಿ.ವಿ. ಬರೇ ಚುಕ್ಕಿ ಆತು. ಹೆದರಿ ಕಿತ್ತಿಟ್ಟೆ. ಮುಂದ ನಾ ಮುಟ್ಟಿಲ್ಲ.”

“ತರಬೇತಿಯೊಳಗ ಈ ಸಪ್ಪಳ ಕೇಳಿರಲಿಲ್ಲೇನ್ರಿ?”

“ನಲವತ್ತು ಮಂದಿ ಒಂದು ಕ್ವಾಣ್ಯಾಗ. ನಾ ಹಿಂದ ಕುಂತಿದ್ದೆ. ನನಗ ಕಿವಿ ಸ್ವಲ್ಪ ಮಂದ.”

ಧೋತರ ಬಿಚ್ಚಿ ಯಂತ್ರವನ್ನು ಮೇಜಿನ ಮೇಲಿಟ್ಟೆ. ಟಿ.ವಿ.ಗೆ ಜೋಡಿಸಲೇ ಇಲ್ಲ. ಸ್ವಿಚ್ ಹಾಕಿದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದರು. ಯಂತ್ರ ಕೂಗಿತು. ನಾಲ್ಕು ಸಾಲು ಟೈಪ್ ಮಾಡಿ, “ಎರಡು ಸಂಖ್ಯೆ ಹೇಳ್ರಿ,” ಎಂದೆ. ಅವರು ಬಹಳ ಹೊತ್ತು ಯೋಚಿಸಿ ಎರಡು ಮತ್ತು ಎರಡು ಎಂದರು. ನಾಲ್ಕು ಕೂಗು ಮುಗಿಯುವಷ್ಟರಲ್ಲಿ ಅವರು ಮೇಜಿನ ಹತ್ತಿರ ಬಂದು, ಬಲಗಿವಿಯನ್ನು ಯಂತ್ರಕ್ಕೆ ಹಚ್ಚಿ ಬಗ್ಗಿದ್ದರು.

“ನಂದೇನು ತಪ್ಪಿಲ್ಲಲ್ಲ?”

“ಇಲ್ರಿ. ಚಾನೆಲ್ ಬ್ಯಾರೆ ಅದ, ಅಷ್ಟ.”

ಅವರು ನೆಟ್ಟಗೆ ನಿಂತು ಕನ್ನಡಕ ತೆಗೆದು ಒರೆಸಿದರು. “ನಾ ಬರದು ಕೊಟ್ಟ ಕಾಗದ ಹೊಳ್ಳಿ ಕೊಡ್ತಾರೇನವಾ?” ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಅವರ ಮೇಜಿನ ಮೇಲೆಯೇ ಒಂದು ಹಾಳೆ ತೆಗೆದು, ಯಂತ್ರವನ್ನು ಈ ದಿನ ಪರೀಕ್ಷಿಸಿದೆ, ಅದು ಸುಟ್ಟಿಲ್ಲ, ಕೊಟ್ಟ ಲೆಕ್ಕವನ್ನು ಸರಿಯಾಗಿ ಮಾಡುತ್ತಿದೆ ಎಂದು ಸಾಹೇಬರಿಗೆ ಬರೆದು ಸಹಿ ಹಾಕಿದೆ. ಮಾಸ್ತರು ಅದನ್ನು ಎರಡು ಸಲ ಓದಿದರು. ಆಮೇಲೆ ಜೇಬಿನ ಪೆನ್ನು ತೆಗೆದು, ಮೇಜಿನ ಖಾನೆಯಿಂದ ಅಳತೆಪಟ್ಟಿ ತಂದು, ‘ಸುಟ್ಟಿಲ್ಲ’ ಎಂಬ ಮಾತಿನ ಕೆಳಗೆ ನೆಟ್ಟಗೆ ಒಂದು ಗೆರೆ ಎಳೆದು, ನನ್ನ ಸಹಿಯ ಪಕ್ಕದಲ್ಲಿ ತಮ್ಮ ಸಹಿ ಮಾಡಿದರು.